ಕೊಲರಾಡೋದಲ್ಲಿ ಮೊದಲ ಎಲ್ಕ್ ಶಿಕಾರಿ: ಗೈಡ್ ಬೇಕಾ, ನಾವೇ ಹೋಗಬಹುದಾ?

ಚಳಿಗಾಲ ಮುಗಿಯುವ ಹೊತ್ತಿಗೆ ಡೆನ್ವರ್ ಸುತ್ತಮುತ್ತಲಿನ ನಮ್ಮ ಹುಡುಗರಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ಹೆಚ್ಚಾಗಿ ಕೊಡಗು, ಮೂಡಿಗೆರೆ, ಕೊಪ್ಪ, ತೀರ್ಥಹಳ್ಳಿ ಕಡೆಯವರು. ಅಜ್ಜನ ಕೋವಿಯನ್ನು ಗೋಡೆಯ ಮೇಲೆ ನೋಡಿ ಬೆಳೆದವರು, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದವರು. ಶಿಕಾರಿಯ ಕಥೆ ಹೊಟ್ಟೆ ತುಂಬಾ ಕೇಳಿದ್ದಾರೆ, ಶಿಕಾರಿ ಮಾಡಿಲ್ಲ. ಮಾಡಿದ್ದರೂ ಹೇಳುವುದಿಲ್ಲ ಬಿಡಿ. ಇಲ್ಲಿಗೆ ಬಂದರೆ ಎಸ್ಟೆಸ್ ಪಾರ್ಕ್ ಊರೊಳಗೆ ರಸ್ತೆ ಮಧ್ಯವೇ ಎಲ್ಕ್ ನಿಂತಿರುತ್ತದೆ, ಜಿಂಕೆ ಜಾತಿಯದೇ, ನಮ್ಮ ಕಡವೆಗಿಂತ ದೊಡ್ಡದು. ಅಲ್ಲಿ ಹೊಡೆಯುವ ಹಾಗಿಲ್ಲ, ಆದರೆ ಸರಿಯಾದ ಜಾಗದಲ್ಲಿ, ಸರಿಯಾದ ತಿಂಗಳಲ್ಲಿ, ಕಾನೂನು ಪ್ರಕಾರವೇ ಹೊಡೆಯಬಹುದು ಅಂತ ಗೊತ್ತಾದ ಮೇಲೆ ನಿದ್ದೆ ಬರುತ್ತದಾ?

ನಾನು ತಿರುಗಿ ಕೇಳುವುದು ಒಂದೇ. ಮಾಂಸ ಹೊರುವವರು ಯಾರು?

ನಗಬೇಡಿ. ದೊಡ್ಡ ಗಂಡು ಎಲ್ಕ್ ಮುನ್ನೂರು ಕಿಲೋ ದಾಟುತ್ತದೆ. ಹೆಣ್ಣು ಸುಮಾರು ಇನ್ನೂರಿಪ್ಪತ್ತು. ಗಂಡಿನ ಮೂಳೆ ಬಿಡಿಸಿ ತೆಗೆದರೂ ಎಂಬತ್ತರಿಂದ ನೂರು ಕಿಲೋ ಮಾಂಸ ಉಳಿಯುತ್ತದೆ. ಬೆನ್ನ ಮೇಲೆ ಒಂದು ಸಲಕ್ಕೆ ಇಪ್ಪತ್ತೈದು ಕಿಲೋ ಹೊತ್ತರೆ ನಾಲ್ಕು ಹೊರೆ. ರಸ್ತೆಯಿಂದ ಎರಡು ಮೈಲಿ ಒಳಗೆ ಹೊಡೆದಿದ್ದರೆ, ಒಬ್ಬರೇ ಇದ್ದರೆ, ಹೋಗುತ್ತಾ ಬರುತ್ತಾ ಹದಿನಾಲ್ಕು ಮೈಲಿ. ಅದೂ ಹತ್ತು ಸಾವಿರ ಅಡಿ ಎತ್ತರದಲ್ಲಿ, ಬಿದ್ದ ಮರಗಳನ್ನು ದಾಟಿಕೊಂಡು, ಬಹುಶಃ ಹಿಮದಲ್ಲಿ. ಆಗಲ್ಲ ಅಂತ ಬಿಟ್ಟು ಬರೋಹಾಗಿಲ್ಲ, ತಿನ್ನುವ ಮಾಂಸ ಕಾಡಲ್ಲೇ ಬಿಡುವುದು ಇಲ್ಲಿ ಅಪರಾಧ.

ಮೊದಲ ಸಲ ಇದ್ಯಾವುದನ್ನೂ ಲೆಕ್ಕ ಹಾಕದೆ ಹೋದವನು ನಾನೇ. ರೈಫಲ್ ಬಗ್ಗೆ ತಿಂಗಳುಗಟ್ಟಲೆ ಓದಿದ್ದೆ. ಮಾಂಸದ ಬಗ್ಗೆ ಒಂದು ಸಾಲೂ ಓದಿರಲಿಲ್ಲ. ಸಂಜೆ ಬೆಳಕು ಹೋಗುವ ಮುಂಚೆ ಕಣಿವೆಯ ತಳದಲ್ಲಿ ಮೇಯುತ್ತಿದ್ದ ಹೆಣ್ಣು ಎಲ್ಕ್‌ಗೆ ಈಡು ಹೊಡೆದೆ. ಬಿತ್ತು. ಹತ್ತಿರ ಹೋಗಿ ಮಗ್ಗುಲು ಬದಲಿಸೋಣ ಅಂತ ಕಾಲು ಹಿಡಿದು ಎಳೆದರೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಜೊತೆಗೆ ಬಂದಿದ್ದ ಸ್ನೇಹಿತನಿಗೆ ರಕ್ತ ನೋಡಿದರೆ ಆಗದು ಅನ್ನುವುದು ಅವನಿಗೂ ಆಗಲೇ ಗೊತ್ತಾಗಿದ್ದು. ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಯಾವುದೋ ವಿಡಿಯೋ ನೆನಪು ಮಾಡಿಕೊಂಡು ಚರ್ಮ ಬಿಡಿಸಿದೆ. ಸಿಗ್ನಲ್ ಇಲ್ಲ, ವಿಡಿಯೋ ಡೌನ್‌ಲೋಡ್ ಮಾಡಿಕೊಂಡಿರಲಿಲ್ಲ, ಚಾಕು ಮೊಂಡಾಯಿತು. ಊರಲ್ಲಿ ಇಂಥದಕ್ಕೆ ಕೈ ಪಳಗಿದವರು ಮನೆಗೊಬ್ಬರು ಇರುತ್ತಿದ್ದರಂತೆ. ಹಳು ನುಗ್ಗಿ ಪ್ರಾಣಿ ಎಬ್ಬಿಸುವವರು ಬೇರೆ, ಕೋವಿ ಹಿಡಿದು ಬಿಲ್ಲಿಗೆ ಕಾದು ಕೂರುವವರು ಬೇರೆ, ಹಸಿಗೆ ಮಾಡಿ ಮಾಂಸ ಬಿಡಿಸುವವರು ಬೇರೆ. ಕೋವಿ ಹಿಡಿದವನ ಹೆಸರು ಮಾತ್ರ ಕಥೆಯಲ್ಲಿ ಉಳಿಯಿತು, ನಾವು ಅದನ್ನು ನಂಬಿಕೊಂಡು ಬಂದೆವು.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದ ಎಲ್ಲರಿಗೂ ಹಂಟರ್ ಎಜುಕೇಶನ್ ತರಬೇತಿ ಕಡ್ಡಾಯ. ಲೈಸೆನ್ಸ್ ಹಂಚುವ ಡ್ರಾಗೆ, ಅಂದರೆ ಲಾಟರಿಗೆ, ಅರ್ಜಿ ಹಾಕಲು ಏಪ್ರಿಲ್ ಮೊದಲ ವಾರ ಕೊನೆ. ಆರು ತಿಂಗಳು ಇಲ್ಲೇ ವಾಸ ಇದ್ದರೆ ರೆಸಿಡೆಂಟ್ ದರ, ಇಲ್ಲದಿದ್ದರೆ ಅದರ ಹತ್ತು ಪಟ್ಟಿಗೂ ಜಾಸ್ತಿ. ಉಳಿದದ್ದು ಕೊಲರಾಡೋ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್‌ನವರ ಆ ವರ್ಷದ ಬ್ರೋಷರ್‌ನಲ್ಲಿದೆ. ನಿಯಮ ವರ್ಷ ವರ್ಷ ಬದಲಾಗುತ್ತದೆ, ಹೋದ ವರ್ಷದ್ದು ನಂಬಬೇಡಿ.

ಆದರೆ ಹೆಚ್-1ಬಿ, ಎಲ್-1, ಎಫ್-1 ಮೇಲಿರುವವರು ಇಲ್ಲಿ ಸ್ವಲ್ಪ ನಿಲ್ಲಿ. ಈ ವೀಸಾಗಳಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಕಾನೂನಿನಲ್ಲಿ ನಿಷಿದ್ಧ. ವಿನಾಯಿತಿಗಳಲ್ಲಿ ಒಂದು ಏನೆಂದರೆ, ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಹಂಟಿಂಗ್ ಲೈಸೆನ್ಸ್ ನಿಮ್ಮ ಹತ್ತಿರ ಇರಬೇಕು. ಅಂದರೆ ಮೊದಲು ಲೈಸೆನ್ಸ್, ಆಮೇಲೆ ಬಂದೂಕು. ಸುಮ್ನೆ ಗೆಳೆಯನ ರೈಫಲ್ ತೆಗೆದುಕೊಂಡು ರೇಂಜಿಗೆ ಹೋಗಿ ಎರಡು ಗುಂಡು ಹೊಡೆದು ಬರೋಣ ಅನ್ನುವವರು ಬಹಳ ಜನ, ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವರು ಅಂಥ ಧೈರ್ಯ ಮಾಡಬೇಡಿ. ಇನ್ನೊಂದು, ಈ ರಾಜ್ಯದಲ್ಲಿ ಗಾಂಜಾ ಅಂಗಡಿ ಇದೆ ಅಂತ ಫೆಡರಲ್ ಸರ್ಕಾರ ಒಪ್ಪಿಕೊಂಡಿದೆ ಅಂದುಕೊಳ್ಳಬೇಡಿ. ಗಾಂಜಾ ಮತ್ತು ಬಂದೂಕು ಒಟ್ಟಿಗೆ ಸೇರಿದರೆ ವೀಸಾ ಅಲ್ಲ, ಜೀವನವೇ ಕೈತಪ್ಪುತ್ತದೆ. ವಕೀಲರ ಒಂದು ಗಂಟೆಯ ಫೀಸ್ ಕೊಟ್ಟು ಕೇಳಿಕೊಳ್ಳಿ. ಕೊಡಗಿನ ಗೆಳೆಯರೇ, ಊರಲ್ಲಿ ನಿಮಗೆ ಕೋವಿ ಲೈಸೆನ್ಸಿನ ವಿನಾಯಿತಿ ಇರಬಹುದು. ಇಲ್ಲಿ ಅದನ್ನು ಹೇಳಿದರೆ ವನ್ಯಜೀವಿ ವಾರ್ಡನ್‌ಗೆ ಅರ್ಥ ಕೂಡ ಆಗಲ್ಲ.

ಈಗ ಗೈಡ್ ವಿಷಯ. ಊಟ, ವಸತಿ, ಕುದುರೆ ಎಲ್ಲ ಸೇರಿದ ಪೂರ್ತಿ ಗೈಡೆಡ್ ಹಂಟ್ ಐದಾರು ಸಾವಿರ ಡಾಲರಿನಿಂದ ಶುರುವಾಗಿ ಮೇಲೆ ಹೋಗುತ್ತದೆ, ಟಿಪ್ಸ್ ಬೇರೆ. ಅಷ್ಟು ಕೊಟ್ಟರೂ ಎಲ್ಕ್ ಸಿಕ್ಕೇ ಸಿಗುತ್ತದೆ ಅಂತಿಲ್ಲ. ಇಡೀ ಕೊಲರಾಡೋದಲ್ಲಿ ಎರಡೂವರೆ ಲಕ್ಷಕ್ಕೂ ಮೀರಿ ಎಲ್ಕ್ ಇವೆ, ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಹಾಗಿದ್ದೂ ಹೋದವರಲ್ಲಿ ಐದಕ್ಕೆ ನಾಲ್ಕು ಜನ ಬರಿಗೈಯಲ್ಲಿ ಬರುತ್ತಾರೆ. ಒಳ್ಳೆಯ ಗೈಡ್ ಇದ್ದರೆ ಈ ಲೆಕ್ಕ ಸುಧಾರಿಸುತ್ತದೆ. ಕೆಟ್ಟವನಿದ್ದರೆ ದುಡ್ಡು ಕೊಟ್ಟು ಬರಿಗೈಯಲ್ಲಿ ಬರುತ್ತೀರಿ. ನನಗೊಂದು ಸಲ ಹಾಗಾಯಿತು. ಅಗ್ಗಕ್ಕೆ ಸಿಕ್ಕಿತು ಅಂತ ಬುಕ್ ಮಾಡಿದೆ, ಹೆಸರು ಬೇಡ. ಗೈಡ್ ಅಂತ ಬಂದವನು ಪಾಪ ಇಪ್ಪತ್ತರ ಆಸುಪಾಸಿನ ಹುಡುಗ, ಅದೇ ವಾರ ಬೇರೆ ರಾಜ್ಯದಿಂದ ಬಂದು ಇಳಿದಿದ್ದ. ಕಾಡು ಅವನಿಗೂ ಹೊಸದು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಅವನ ಫೋನಿನ ಮ್ಯಾಪ್ ಹಿಂದೆ ನಾವು ನಾಲ್ಕು ಜನ ಹೋಗುವುದು, ಎಲ್ಲರೂ ಸೇರಿ ದಾರಿ ತಪ್ಪುವುದು, ಮಧ್ಯಾಹ್ನ ಅವನು ಕೊಟ್ಟ ತಣ್ಣಗಿನ ಬ್ರೆಡ್ ತಿನ್ನುವುದು. ಆ ದುಡ್ಡಿಗೆ ಊರಿಗೆ ಹೋಗಿ ಬರಬಹುದಿತ್ತು.

ಅದಕ್ಕೇ ಮೊದಲೇ ಕೇಳಿ. ರಾಜ್ಯದಲ್ಲಿ ಔಟ್‌ಫಿಟರ್ (ಶಿಕಾರಿ ಏರ್ಪಡಿಸುವವರು) ಅಂತ ನೋಂದಣಿ ಇದೆಯಾ, ನ್ಯಾಷನಲ್ ಫಾರೆಸ್ಟ್‌ನಲ್ಲಿ ಕರೆದುಕೊಂಡು ಹೋಗಲು ಫಾರೆಸ್ಟ್ ಸರ್ವಿಸ್‌ನ ಪರ್ಮಿಟ್ ಇದೆಯಾ, ಒಬ್ಬ ಗೈಡ್‌ಗೆ ಎಷ್ಟು ಜನ, ಅವನು ಆ ಜಾಗದಲ್ಲಿ ಎಷ್ಟು ವರ್ಷದಿಂದ ಇದ್ದಾನೆ, ಮಾಂಸ ಇಳಿಸುವುದು ದರದಲ್ಲಿ ಸೇರಿದೆಯಾ. ಎಲ್ಲ ಬರವಣಿಗೆಯಲ್ಲಿರಲಿ. ಕೇಳಲು ಸಂಕೋಚ ಪಡುವುದು ನಮ್ಮವರ ದೊಡ್ಡ ರೋಗ. ತರಕಾರಿಯವನ ಹತ್ತಿರ ಹತ್ತು ರೂಪಾಯಿಗೆ ಜಗಳ ಆಡುತ್ತೇವೆ, ಇಲ್ಲಿ ಸಾವಿರಗಟ್ಟಲೆ ಕೊಟ್ಟು ಬಾಯಿ ಮುಚ್ಚಿಕೊಂಡು ಕೂರುತ್ತೇವೆ.

ಮಧ್ಯದ ದಾರಿ ಒಂದಿದೆ, ಡ್ರಾಪ್ ಕ್ಯಾಂಪ್. ಕುದುರೆ ಮೇಲೆ ಸಾಮಾನು ಹೇರಿ ನಿಮ್ಮನ್ನು ಒಳಗೆ ಬಿಟ್ಟು ಬರುತ್ತಾರೆ, ಶಿಕಾರಿ ನಿಮ್ಮದು, ಹೊಡೆದರೆ ಮಾಂಸ ಇಳಿಸಲು ಕುದುರೆ ಬರುತ್ತದೆ. ವಾಯವ್ಯ ಕೊಲರಾಡೋದ ಫ್ಲ್ಯಾಟ್ ಟಾಪ್ಸ್ ಬೆಟ್ಟಗಳ ಕಡೆಗೆ ಇದು ಜಾಸ್ತಿ. ಕಾಡಿನಲ್ಲಿ ಟೆಂಟ್ ಹಾಕಿ ಇದ್ದು ಅಭ್ಯಾಸ ಇರುವ ಇಬ್ಬರು ಮೂವರು ಸೇರಿದರೆ ಒಳ್ಳೆಯದು. ಅಭ್ಯಾಸ ಇಲ್ಲದವರಿಗೆ ಹಿಮ ಬಿದ್ದ ರಾತ್ರಿ ಶಿಕ್ಷೆಯೇ.

ನಿಮ್ಮ ಪಾಡಿಗೆ ನೀವೇ ಹೋಗುವುದಾದರೆ ಮೊದಲ ವರ್ಷ ಕೊಂಬಿನ ಆಸೆ ಬಿಡಿ. ಹೆಣ್ಣು ಎಲ್ಕ್ ಟ್ಯಾಗ್‌ಗೆ (ಒಂದು ಪ್ರಾಣಿ ಹೊಡೆಯಲು ಕೊಡುವ ಲೈಸೆನ್ಸ್) ಅರ್ಜಿ ಹಾಕಿ. ಸಿಗುವುದು ಸುಲಭ, ಮಾಂಸ ಮೆತ್ತಗೆ, ಹೊರೆ ಕಡಿಮೆ, ಹೆಚ್ಚಿನ ಯೂನಿಟ್‌ಗಳಲ್ಲಿ (ಶಿಕಾರಿಗೆ ವಿಂಗಡಿಸಿದ ವಲಯಗಳು) ಗಂಡಿಗೆ ಇರುವ ನಾಲ್ಕು ಕವಲು ಅಥವಾ ಐದು ಇಂಚಿನ ಹುಬ್ಬಿನ ಕೊಂಬು ಅನ್ನುವ ಲೆಕ್ಕ ದುರ್ಬೀನಿನಲ್ಲಿ ಎಣಿಸುತ್ತಾ ಕೂರಬೇಕಿಲ್ಲ. ಆದರೆ ಎಲ್ಕ್‌ಗಿಂತಲೂ ದೊಡ್ಡ ಇನ್ನೊಂದು ಜಿಂಕೆಯಾದ ಮೂಸ್ ಯಾವುದು, ಎಲ್ಕ್ ಯಾವುದು ಅಂತ ಕಣ್ಣು ಮುಚ್ಚಿದರೂ ಹೇಳುವಷ್ಟು ನೋಡಿಕೊಂಡು ಹೋಗಿ. 1978ರಲ್ಲಿ ನಾರ್ತ್ ಪಾರ್ಕ್‌ಗೆ ತಂದು ಬಿಟ್ಟ ಮೂಸ್ ಈಗ ಬಹಳ ಕಡೆ ಹರಡಿವೆ. ಎಲ್ಕ್ ಅಂತ ಮೂಸ್ ಹೊಡೆದು ದಂಡ ಕಟ್ಟುವವರು ಇದ್ದೇ ಇರುತ್ತಾರೆ. ರೈಫಲ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, .308 ಅಥವಾ .30-06 ಸಾಕು. ಇನ್ನೂರು ಗಜದಲ್ಲಿ ಕೂತು ಹೊಡೆದದ್ದು ತಟ್ಟೆಯಷ್ಟು ಜಾಗದಲ್ಲೇ ಬೀಳುವವರೆಗೆ ಅಭ್ಯಾಸ ಮಾಡಿ. ಫ್ಲೋರೊಸೆಂಟ್ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಜಾಕೆಟ್, ಟೋಪಿ ಕಡ್ಡಾಯ. ಹತ್ತಿ ಬಟ್ಟೆ ಮನೆಯಲ್ಲೇ ಇರಲಿ, ಒದ್ದೆಯಾದರೆ ಒಣಗುವುದಿಲ್ಲ.

ಮೈ ತಯಾರಿಗೆ ಜಿಮ್ ಬೇಕಿಲ್ಲ. ಇಂಡಿಯನ್ ಸ್ಟೋರ್‌ನ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ಎರಡು ಬ್ಯಾಗಿಗೆ ತುಂಬಿಕೊಂಡು ಪ್ರತಿ ವಾರ ಗುಡ್ಡ ಹತ್ತಿ ಇಳಿಯಿರಿ, ಜೂನ್‌ನಿಂದಲೇ. ಇಳಿಯುವಾಗ ಮಂಡಿ ಏನು ಹೇಳುತ್ತದೆ ಕೇಳಿಸಿಕೊಳ್ಳಿ.

ಹೊಡೆದ ಮೇಲೆ ಚರ್ಮ ಬೇಗ ಬಿಡಿಸಿ, ಮಾಂಸ ತಣ್ಣಗಾಗಲಿ. ಅಕ್ಟೋಬರ್ ಆದರೂ ಬಿಸಿಲಿಗೆ ಕೆಡುತ್ತದೆ. ಗಂಡೋ ಹೆಣ್ಣೋ ಅನ್ನುವ ಗುರುತು ಮಾಂಸಕ್ಕೆ ಅಂಟಿಕೊಂಡೇ ಇರಬೇಕು, ಅದು ನಿಯಮ. ತಲೆ ಎಸೆಯಬೇಡಿ, ಕ್ರಾನಿಕ್ ವೇಸ್ಟಿಂಗ್ ಡಿಸೀಸ್ (ಜಿಂಕೆ ಜಾತಿಯ ಪ್ರಾಣಿಗಳ ಮೆದುಳು ಕೆಡಿಸುವ ರೋಗ) ಪರೀಕ್ಷೆಗೆ ಕೊಡಿ. ಈ ರೋಗ ಮೊದಲು ಕಾಣಿಸಿದ್ದೇ 1967ರಲ್ಲಿ, ನಮ್ಮ ಫೋರ್ಟ್ ಕಾಲಿನ್ಸ್‌ನಲ್ಲಿ. ಮನುಷ್ಯರಿಗೆ ಬಂದ ದಾಖಲೆ ಇಲ್ಲ, ಆದರೂ ರೋಗ ಇದ್ದ ಮಾಂಸ ತಿನ್ನಬೇಡಿ ಅಂತಲೇ ವೈದ್ಯರ ಮಾತು.

ಅಡುಗೆಗೆ ಬಂದರೆ, ಕೊಬ್ಬು ಇಲ್ಲವೇ ಇಲ್ಲ. ಹಂದಿ ಸಾರಿನ ಮಸಾಲೆ, ಕಾಚಂಪುಳಿ ಹಾಕಿ ಕುಕ್ಕರ್‌ನಲ್ಲಿ ಬೇಯಿಸಿದರೆ ಸರಿಹೋಗುತ್ತದೆ. ಕೈಮಾ ಉಂಡೆಗೆ ಸ್ವಲ್ಪ ಬೇರೆ ಕೊಬ್ಬು ಬೆರೆಸಿ.

ಮಾಂಸ ಹಂಚುವುದೇ ನನಗೆ ಕಷ್ಟವಾಗಿದ್ದು. ಊರಲ್ಲಿ ಪಾಲು ಅನ್ನುವುದಕ್ಕೆ ಲೆಕ್ಕ ಇತ್ತು. ಈಡು ಹೊಡೆದವನಿಗೆ ಇಷ್ಟು, ಹಳು ನುಗ್ಗಿದವರಿಗೆ ಇಷ್ಟು, ನಾಯಿಗೂ ಒಂದು ಪಾಲು, ಗಂಡಸರಿಲ್ಲದ ಮನೆಗೂ ಒಂದು. ಇಲ್ಲಿ ಫ್ರೀಜರ್ ತುಂಬಾ ಮಾಂಸ ಇಟ್ಟುಕೊಂಡು ಯಾರಿಗೆ ಕೊಡಲಿ ಅಂತ ಯೋಚಿಸುತ್ತಿದ್ದೆ. ಮಾರುವಂತಿಲ್ಲ, ಕೊಡಬಹುದು. ಕನ್ನಡ ಬಳಗದಲ್ಲಿ ಅರ್ಧ ಜನ ತಿನ್ನಲ್ಲ, ಉಳಿದರ್ಧದಲ್ಲಿ ಅರ್ಧ ಜನ ‘ಇದು ದನದ ಜಾತಿಯಾ?’ ಅಂತ ಕೇಳಿ ಹಿಂದೆ ಸರಿದರು. ಕೊನೆಗೆ ಪಕ್ಕದ ಮನೆಯ ಮುದುಕನಿಗೆ ಕೊಟ್ಟೆ. ಅಲ್ಲಿಯವರೆಗೆ ಹಿಮ ತೆಗೆಯುವಾಗ ಕೈ ಎತ್ತುವಷ್ಟೇ ಪರಿಚಯ ಇದ್ದದ್ದು. ಅವತ್ತು ಗ್ಯಾರೇಜಿಗೆ ಕರೆದು ಚಾಕು ಹೇಗೆ ಹರಿತ ಮಾಡಬೇಕು ಅಂತ ತೋರಿಸಿದರು, ಯಾವ ಯೂನಿಟ್, ಗಾಳಿ ಯಾವ ಕಡೆಗಿತ್ತು ಅಂತೆಲ್ಲ ಕೇಳಿದರು. ಅಷ್ಟು ವರ್ಷದಲ್ಲಿ ಸಂಘದ ಯಾವ ಕಾರ್ಯಕ್ರಮಕ್ಕೆ ಕರೆದಿದ್ದರೂ ಅವರು ಬಂದಿರಲಿಲ್ಲ.

ಮಗಳು ಈಗ ಹಂಟರ್ ಎಜುಕೇಶನ್ ಮಾಡಿದ್ದಾಳೆ, ಹನ್ನೆರಡು ತುಂಬಿದರೆ ದೊಡ್ಡ ಪ್ರಾಣಿಯ ಟ್ಯಾಗ್ ಸಿಗುತ್ತದೆ. ಅವಳಿಗೆ ಇದು ಶಾಲೆಯ ಸ್ನೇಹಿತರೆಲ್ಲ ಮಾಡುವ ಕೆಲಸ. ನನ್ನಜ್ಜನ ಕಥೆ ಹೇಳಿದರೆ, ‘ಅವರ ಹತ್ತಿರ ಟ್ಯಾಗ್ ಇತ್ತಾ ಅಪ್ಪ?’ ಅಂತ ಕೇಳುತ್ತಾಳೆ. ಇರಲಿಲ್ಲ ಮಗಳೇ. ಯಾರ ಹತ್ತಿರವೂ ಇರಲಿಲ್ಲ, ಅದಕ್ಕೇ ಕಾಡು ಖಾಲಿ ಆಗುತ್ತಾ ಬಂತು, ಅದಕ್ಕೇ ಕಾಯ್ದೆ ಬಂತು. ಇಲ್ಲೂ ಹಾಗೇ ಆಗಿತ್ತು. ನೂರು ವರ್ಷದ ಹಿಂದೆ ಕೊಲರಾಡೋದಲ್ಲಿ ಎಲ್ಕ್ ಹೆಚ್ಚುಕಡಿಮೆ ಮುಗಿದೇ ಹೋಗಿ, ವಯೋಮಿಂಗ್‌ನಿಂದ ರೈಲಿನಲ್ಲಿ ತಂದು ಬಿಟ್ಟರು. ಈಗ ನಾವು ಕಟ್ಟುವ ಟ್ಯಾಗ್ ದುಡ್ಡಿನಿಂದಲೇ ಇಲಾಖೆಯ ಬಹಳಷ್ಟು ಕೆಲಸ ನಡೆಯುವುದು. ಇದನ್ನು ಅಜ್ಜನಿಗೆ ಹೇಳಿದ್ದರೆ ನಂಬುತ್ತಿರಲಿಲ್ಲ ಅನ್ನಿಸುತ್ತದೆ.

ಇಷ್ಟೆಲ್ಲ ಓದಿಯೂ ಗೈಡಾ, ನಾವೇನಾ ಅಂತ ತೀರ್ಮಾನ ಆಗದಿದ್ದರೆ ಮೊದಲ ವರ್ಷ ಹೊರೆ ಹೊರಲು ಬನ್ನಿ. ಬರೀ ಮಾಂಸ ಹೊರುವುದಕ್ಕೆ ಲೈಸೆನ್ಸ್ ಬೇಡ, ಬಂದೂಕು ಮುಟ್ಟುವುದೂ ಬೇಡ, ಹಾಗಾಗಿ ವೀಸಾ ಚಿಂತೆಯೂ ಇಲ್ಲ. ಗಟ್ಟಿ ಫ್ರೇಮ್ ಇರುವ ಬ್ಯಾಗ್, ಹೆಡ್‌ಲ್ಯಾಂಪ್, ಅದಕ್ಕೆ ಎರಡು ಜೊತೆ ಬ್ಯಾಟರಿ, ಮೂರು ಲೀಟರ್ ನೀರು, ಕಿತ್ತಳೆ ಟೋಪಿ ತನ್ನಿ. ಅಕ್ಟೋಬರ್ ಕೊನೆಯ ವಾರ ಫೋನ್ ರಾತ್ರಿ ಸೈಲೆಂಟ್‌ಗೆ ಹಾಕಬೇಡಿ. ಮೀಕರ್‌ನಿಂದಲೋ ಕ್ರೇಗ್‌ನಿಂದಲೋ ಕರೆ ಬಂದರೆ ನಾಲ್ಕು ಗಂಟೆ ಡ್ರೈವ್ ಇದೆ, ಬೆಳಗಾಗುವುದರೊಳಗೆ ತಲುಪಬೇಕು. ಪಾಲು ಖಂಡಿತ ಸಿಗುತ್ತದೆ, ಕೂಲರ್ ನೀವೇ ತರಬೇಕು.