ಕೊರ್ತಿ ದಂಡೆಯಲ್ಲಿ ಒಂಬತ್ತು ನಿಮಿಷ

ರಾತ್ರಿ 10.20ಕ್ಕೆ ಪೈಲ್ವಾನರು ಬರಬೇಕಿತ್ತು. ನಮ್ಮ ಪಾಳಿ ಓಟದ ಸಮಯ ಬರೆದಿಟ್ಟ ನನ್ನ ಹಾಳೆಯಲ್ಲಿ ಹಾಗೆಂದು ಇತ್ತು. 10.24 ಆಯಿತು, ಸುಳಿವಿಲ್ಲ. ನಾನೂ ನಮ್ಮ ತಂಡದ ಕಾಲೇಜು ಹುಡುಗನೂ ಕೊರ್ತಿ ಕಡೆಯ ದಂಡೆಯಲ್ಲಿ ನಿಂತು ಸೇತುವೆಯ ಮೇಲೆ ಕಣ್ಣು ನೆಟ್ಟಿದ್ದೆವು. ಕೊಲ್ಹಾರದಿಂದ ಈಚೆಗೆ ಕೃಷ್ಣೆಯನ್ನು ದಾಟುವ ಈ ಸೇತುವೆ ಸುಮಾರು 3 ಕಿ.ಮೀ. ಉದ್ದವಿದೆ. ಆಲಮಟ್ಟಿಯ ಹಿನ್ನೀರು ಜನವರಿಯಲ್ಲಿಯೂ ಎರಡು ಬದಿಗೆ ಕಣ್ಣು ಹಾಯುವಷ್ಟು ದೂರ ನಿಂತಿರುತ್ತದೆ. ಬನದ ಹುಣ್ಣಿಮೆಗೆ ಎರಡೇ ದಿನ ಉಳಿದಿದ್ದರಿಂದ ನೀರೆಲ್ಲ ತಗಡು ಹಾಸಿದ ಹಾಗೆ ಹೊಳೆಯುತ್ತಿತ್ತು. ಅದನ್ನು ನೋಡುವ ಮನಸ್ಸು ಯಾರಿಗಿತ್ತು! ನಮಗೆ ಬೇಕಾಗಿದ್ದದ್ದು ಕುಣಿಯುತ್ತ ಬರುವ ಒಂದು ಹಣೆದೀಪ. ಸ್ವಲ್ಪ ಹೊತ್ತಿಗೆ ಮುಂಚೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು, ಒಂದರ ಹಿಂದೆ ಒಂದು, ಜೋರಾಗಿ ಹಾಡು ಹಚ್ಚಿಕೊಂಡು ನಮ್ಮೆದುರಿಗೇ ಸೇತುವೆ ಹತ್ತಿ ಹೋಗಿದ್ದವು.

ಹುಡುಗ ಮೈಮೇಲಿನ ಜಾಕೆಟ್ ಬಿಚ್ಚಿ ನನ್ನ ಕೈಗೆ ಕೊಟ್ಟ. ಚಳಿಯಾಯಿತೆಂದು ಇಸಿದುಕೊಂಡು ಮತ್ತೆ ತೊಟ್ಟ. ಮತ್ತೆ ಬಿಚ್ಚಿದ.

ಪಾಳಿ ಓಟವೆಂದರೆ ಏನೆಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಜಾಕೆಟ್. ಹೊರಗಿನವರು ನಮ್ಮನ್ನು ಓಟಗಾರರು ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ: ವಿಜಯಪುರದ ಗೋಳಗುಮ್ಮಟದಿಂದ ಬಾದಾಮಿಗೆ ಸುಮಾರು 120 ಕಿ.ಮೀ., ನಾವು ಎಂಟು ಜನ. ತಲೆಗೆ 15 ಕಿ.ಮೀ., ಅದೂ ಐದೈದರ ಮೂರು ಪಾಳಿಗಳಲ್ಲಿ. ಒಬ್ಬೊಬ್ಬರು ಓಡುವುದು ಒಂದೂಮುಕ್ಕಾಲು ಗಂಟೆ, ಕಾಯುವುದು ಹನ್ನೆರಡು ಗಂಟೆ. ಓಟವನ್ನು ಹೇಗೋ ಕಲಿತೆವು. ಕಾಯುವುದನ್ನು ಕಲಿಯಲು ಎರಡು ವರ್ಷ ಬೇಕಾಯಿತು, ಪೂರ್ತಿ ಕಲಿತಿದ್ದೇವೆಂದು ಈಗಲೂ ಎದೆ ತಟ್ಟಿ ಹೇಳಲಾರೆ.

ನಾನು ವಿಜಯಪುರದ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮಾಸ್ತರ, ವಯಸ್ಸು 46. ಸಕ್ಕರೆ ಕಾಯಿಲೆಯ ಹೆದರಿಕೆಗೆ ಜಿಲ್ಲಾ ಕ್ರೀಡಾಂಗಣದಲ್ಲಿ ಬೆಳಿಗ್ಗೆ ಸುತ್ತು ಹಾಕಲು ಹೋದವನು. ಅಲ್ಲಿ ದಿನಾ ಮುಖ ನೋಡಿ ನೋಡಿ ಪರಿಚಯವಾದವರೇ ಉಳಿದ ಏಳು ಮಂದಿ: ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿರುವ ಅಕ್ಕ, ಒಬ್ಬರು ಸಿಸ್ಟರ್, ಟ್ರ್ಯಾಕ್ಟರ್ ಗ್ಯಾರೇಜಿನ ಮಿಸ್ತ್ರಿ, ಕಿರಾಣಿ ಅಂಗಡಿಯವರು, ಕೃಷಿ ಇಲಾಖೆಯ ನೌಕರರೊಬ್ಬರು, ಡಿಗ್ರಿ ಓದುವ ಹುಡುಗ ಮತ್ತು ಪೈಲ್ವಾನರು. ಪೈಲ್ವಾನರಿಗೆ 52. ಕುಸ್ತಿ ಬಿಟ್ಟು ಹದಿನೈದು ವರ್ಷವಾದರೂ ಊರಿಗೆಲ್ಲ ಪೈಲ್ವಾನರೇ. ನಮ್ಮಲ್ಲಿ ನಿಜವಾಗಿ ಓಡಲು ಬರುವವನು ಆ ಹುಡುಗ ಒಬ್ಬನೇ. ವಿಜಯಪುರ ಸೈಕಲ್ ಸವಾರರ ಊರು. ಮುಂಜಾನೆ ರಸ್ತೆಗಿಳಿದರೆ ಚಿಕ್ಕ ಚಿಕ್ಕ ಮಕ್ಕಳು ಸಾಲುಗಟ್ಟಿ ಸೈಕಲ್ ತುಳಿದುಕೊಂಡು ನಮ್ಮನ್ನು ಹಿಂದೆ ಹಾಕಿ ಹೋಗುತ್ತವೆ. ಆ ಅವಮಾನವೂ ಒಂದು ತರಬೇತಿ.

ಮೊದಲ ವರ್ಷ ನಾವು ಬಾದಾಮಿಯ ಮುಖವನ್ನೇ ನೋಡಲಿಲ್ಲ. ಬೆಳಗಿನ 4ಕ್ಕೆ ಹೊರಟೆವು, ಸಂಜೆಯ ಹೊತ್ತಿಗೆ ಮುಟ್ಟುವ ಅಂದಾಜು. ಕೊಲ್ಹಾರಕ್ಕೆ ಬರುವಾಗ ಬಿಸಿಲೇರಿತ್ತು. ಅಲ್ಲಿ ರಸ್ತೆ ಬದಿಯಲ್ಲಿ ಗಡಿಗೆಯಲ್ಲಿ ಮೊಸರು ಮಾರುತ್ತಾರೆ. ಗಡಿಗೆ ಬೋರಲು ಹಾಕಿದರೂ ಬೀಳದಂಥ ಗಟ್ಟಿ ಮೊಸರು. ಪೈಲ್ವಾನರು ಒಂದು ಗಡಿಗೆ ಪೂರ್ತಿ ಮುಗಿಸಿ, ಮೇಲೆ ಸಕ್ಕರೆಯನ್ನೂ ತಿಂದು, ಮುಂದಿನ ಪಾಳಿಯಲ್ಲಿ ಓಡುತ್ತಿದ್ದಾರೋ ತೂಕಡಿಸುತ್ತಿದ್ದಾರೋ ತಿಳಿಯದ ಹಾಗೆ ಬಂದರು. ಬೀಳಗಿ ಕ್ರಾಸ್ ದಾಟಿದ ಮೇಲೆ ತಲೆಯ ಮೇಲೆ ನೆರಳೇ ಸಿಗಲಿಲ್ಲ. ಮಧ್ಯಾಹ್ನ 1ಕ್ಕೆ ಗದ್ದನಕೇರಿ ಕ್ರಾಸಿನಲ್ಲಿ ಇಬ್ಬರಿಗೆ ಕಾಲು ಹಿಡಿದುಕೊಂಡವು, ಒಬ್ಬರು ವಾಂತಿ ಮಾಡಿದರು. ಸಿಸ್ಟರ್ ಎಲ್ಲರ ನಾಡಿ ನೋಡಿ, "ಇಲ್ಲಿಗೆ ಸಾಕು" ಎಂದರು. ಎದುರಾಡುವ ಶಕ್ತಿ ಯಾರಲ್ಲಿಯೂ ಇರಲಿಲ್ಲ.

ಆ ವರ್ಷದ ಇನ್ನೊಂದು ಪಾಠ ಬಳ್ಳಾರಿ ಜಾಲಿಯ ಮರೆಯಲ್ಲಿ ಆಯಿತು. ಹುಡುಗ ಹುರುಪಿನಲ್ಲಿ ನಾಲ್ಕು ನಿಮಿಷ ಮುಂಚೆಯೇ ಬಂದುಬಿಟ್ಟ. ಅವನ ಕೈಯಿಂದ ಬ್ಯಾಟನ್ ತೆಗೆದುಕೊಳ್ಳಬೇಕಾಗಿದ್ದ ಮಿಸ್ತ್ರಿ ನೀರಿನ ಚೆಂಬು ಹಿಡಿದು ಜಾಲಿಗಿಡದ ಹಿಂದೆ ಹೋಗಿದ್ದರು. ಹುಡುಗ ರಸ್ತೆಯ ಮೇಲೆ ನಿಂತು ಕೂಗಿದ, ಅವರು ಅಲ್ಲಿಂದಲೇ ಬೈದರು. ತಡವಾಗಿ ಬಂದವನನ್ನು ಕಾಯಬಹುದು. ಬೇಗ ಬಂದವನನ್ನು ಏನು ಮಾಡುವುದು? ಅಂದಿನಿಂದ ನಾನು ಹಾಳೆ ಬರೆಯತೊಡಗಿದೆ, ಮಾಸ್ತರಿಕೆ ಅಷ್ಟಕ್ಕಾದರೂ ಉಪಯೋಗಕ್ಕೆ ಬರಲಿ ಎಂದು. ಪ್ರತಿಯೊಬ್ಬರ 5 ಕಿ.ಮೀ. ಸಮಯವನ್ನು ಕ್ರೀಡಾಂಗಣದಲ್ಲಿ ನಾಲ್ಕು ಸಲ ಅಳೆದು ಸರಾಸರಿ ತೆಗೆದೆ. ಎರಡನೆಯ ಸುತ್ತಿಗೆ ಕಿಲೋಮೀಟರಿಗೆ 15 ಸೆಕೆಂಡ್, ಮೂರನೆಯ ಸುತ್ತಿಗೆ 40 ಸೆಕೆಂಡ್ ಸೇರಿಸಿದೆ. ಮುಂದಿನವರು ಹತ್ತು ನಿಮಿಷ ಮೊದಲೇ ಗಾಡಿಯಿಂದ ಇಳಿದು ಕೈಕಾಲು ಆಡಿಸಬೇಕು ಎಂಬುದು ನಿಯಮವಾಯಿತು.

ಪಾಳಿಗಳನ್ನು ಅಳತೆಗೋಲು ಇಟ್ಟು ಸಮನಾಗಿ ಕತ್ತರಿಸಲು ಬರುವುದಿಲ್ಲ. ಗಾಡಿ ನಿಲ್ಲಲು ಜಾಗ ಬೇಕು, ಬೆಳಕು ಬೇಕು. ಸಾಧ್ಯವಾದಲ್ಲೆಲ್ಲ ಪೆಟ್ರೋಲ್ ಬಂಕಿನ ಹತ್ತಿರವೇ ಬದಲಾಗಬೇಕು ಎಂದು ಅಕ್ಕ ಮತ್ತು ಸಿಸ್ಟರ್ ಪಟ್ಟು ಹಿಡಿದರು. ಜಾಲಿಯ ಮರೆ ಗಂಡಸರಿಗೆ ಸರಿ, ಅವರಿಗೆ ಶೌಚಾಲಯ ಬೇಡವೇ? ಇದು ನಮ್ಮ ಯಾರ ತಲೆಗೂ ಮೊದಲು ಹೊಳೆದಿರಲಿಲ್ಲ ಎಂಬುದು ನಾಚಿಕೆಯ ಮಾತು. ಹಾಗಾಗಿ ಒಂದು ಪಾಳಿ ನಾಲ್ಕು ಕಿಲೋಮೀಟರ್, ಇನ್ನೊಂದು ಆರು. ಕೊಲ್ಹಾರದ ಸೇತುವೆಯ ಮೇಲಂತೂ ಗಾಡಿ ನಿಲ್ಲಿಸುವ ಮಾತೇ ಇಲ್ಲ. ಏರಿದವರೇ ಇಳಿಯಬೇಕು.

ಬ್ಯಾಟನ್ನಿನ ಕಥೆಯೂ ಮೊದಲ ವರ್ಷಕ್ಕೇ ಮುಗಿಯಿತು. ಶಾಲೆಯಿಂದ ತಂದ ಆ ಕೊಳವೆ ಒಂದು ಅಡಿಯೂ ಇಲ್ಲ, ತೂಕವೂ ಅಷ್ಟಕ್ಕಷ್ಟೇ. ಟ್ರ್ಯಾಕಿನಲ್ಲಿ ನೂರು, ನಾನೂರು ಮೀಟರಿಗೆ ಸರಿ. ಐದು ಕಿಲೋಮೀಟರ್ ಮುಷ್ಟಿಯಲ್ಲಿ ಹಿಡಿದು ಓಡಿದರೆ ಬೆರಳು ಜೋಮು ಹಿಡಿಯುತ್ತದೆ. ಜಪಾನಿನಲ್ಲಿ ದೂರದ ಪಾಳಿ ಓಟಕ್ಕೆ ಎಕಿಡೆನ್ ಎನ್ನುತ್ತಾರೆ, 1917ರಲ್ಲಿ ಕ್ಯೋಟೋದಿಂದ ಟೋಕಿಯೋವರೆಗೆ ಮೊದಲ ಸಲ ಓಡಿದರಂತೆ, ಅಲ್ಲಿ ಕೋಲು ಇಲ್ಲ, ಹೆಗಲಿಗೆ ಒಂದು ಬಟ್ಟೆಯ ಪಟ್ಟಿ ಎಂದು ಹುಡುಗ ಮೊಬೈಲಿನಲ್ಲಿ ತೋರಿಸಿದ. ಅಕ್ಕ ಮರುದಿನವೇ ಗುಳೇದಗುಡ್ಡದ ಖಣದ ಒಂದು ತುಂಡನ್ನು ಉದ್ದಕ್ಕೆ ಕತ್ತರಿಸಿ, ಅಂಚು ಮಡಿಸಿ ಹೊಲಿದು ತಂದರು. ಕುಂಕುಮದ ಬಣ್ಣ, ಮೈತುಂಬ ನೇಯ್ದ ಪುಟ್ಟ ಪುಟ್ಟ ಚಿತ್ತಾರ. ಭೂತನಾಳ ಕೆರೆಯವರೆಗೆ ಅದನ್ನು ಹೆಗಲಿಗೆ ಹಾಕಿಕೊಂಡು ಓಡಿ ನೋಡಿದೆವು. ಬೆವರಿಗೆ ನೆನೆದ ಖಣ ಕುತ್ತಿಗೆಯನ್ನು ಗರಗಸದಂತೆ ಉಜ್ಜಿತು. ಕೊನೆಗೆ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿಕೊಳ್ಳುವುದೆಂದಾಯಿತು. ಒಂದು ಕೈಯಿಂದ ಗಂಟು ಬಿಚ್ಚಲು ಬರುವುದಿಲ್ಲ, ಹಲ್ಲು ಹಚ್ಚಬೇಕು. ಎಂಟು ಜನರ ಬೆವರಿನ ರುಚಿ ಎಂಟು ಜನರಿಗೂ ಗೊತ್ತು.

ಎರಡನೆಯ ವರ್ಷ ಸಂಜೆ 6ಕ್ಕೆ ಗೋಳಗುಮ್ಮಟದ ಎದುರಿನಿಂದ ಹೊರಟೆವು. ಒಂದು ಕ್ರೂಸರ್, ಒಂದು ಮೋಟಾರ್ ಸೈಕಲ್. ಹೆದ್ದಾರಿಯ ಪೊಲೀಸ್ ಠಾಣೆಗಳಿಗೆ ಮುಂಚೆಯೇ ಪತ್ರ ಕೊಟ್ಟಿದ್ದೆವು. ಓಡುವವರು ರಸ್ತೆಯ ಬಲಬದಿಯಲ್ಲಿ, ಎದುರಿನ ವಾಹನ ಕಣ್ಣಿಗೆ ಬೀಳುವಂತೆ. ಮೋಟಾರ್ ಸೈಕಲ್ ಎಡಬದಿಯಲ್ಲಿ ಸಮಸಮಕ್ಕೆ. ಎಲ್ಲರಿಗೂ ಬೆಳಕಿಗೆ ಹೊಳೆಯುವ ಅಂಗಿ, ಹಣೆದೀಪ. ಕಬ್ಬಿನ ಹಂಗಾಮಿನಲ್ಲಿ ಈ ರಸ್ತೆಗೆ ರಾತ್ರಿ ಇಳಿಯುವವರು ಇದರಲ್ಲಿ ಒಂದನ್ನೂ ಬಿಡಬಾರದು. ಆ ಟ್ರೇಲರುಗಳಲ್ಲಿ ಎಷ್ಟಕ್ಕೋ ಹಿಂದಿನ ದೀಪವೇ ಇರುವುದಿಲ್ಲ.

ಮುಳವಾಡದ ಕಡೆ ಬರುವಾಗ ಎಡಕ್ಕೆ ಕೂಡಗಿ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳ ಕೆಂಪು ದೀಪಗಳು ಕಾಣಿಸಿದವು. ಕ್ರೂಸರಿನೊಳಗೆ ಆಗಲೇ ಒಂದು ಸಂಸಾರ ಶುರುವಾಗಿತ್ತು: ಕೌದಿಗಳು, ಒದ್ದೆ ಬೂಟುಗಳು, ನೋವಿನ ಮುಲಾಮಿನ ಘಾಟು, ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಮೊಸರಿಗೆ ಸಿಸ್ಟರ್ ನಿಷೇಧ ಹೇರಿದ್ದರು. ಓಡಿ ಬಂದ ಕೂಡಲೇ ಅರ್ಧ ರೊಟ್ಟಿ, ಓಆರ್‌ಎಸ್. ಮುಂದಿನ ಪಾಳಿಗೆ ಮುಕ್ಕಾಲು ಗಂಟೆ ಮೊದಲು ಬಾಳೆಹಣ್ಣು ಇಲ್ಲವೇ ಅಮೀನಗಡದ ಕರದಂಟಿನ ಒಂದು ತುಂಡು. ಪಾಳಿ ಓಟದ ಕಷ್ಟ ದೂರದಲ್ಲಿಲ್ಲ. ಒಮ್ಮೆ ಓಡಿ ಬೆವರಿದ ಮೈ ನಾಲ್ಕು ಗಂಟೆ ಗಾಡಿಯಲ್ಲಿ ಮುದುಡಿ ಕುಳಿತು ತಣ್ಣಗಾಗಿರುತ್ತದೆ, ಅದನ್ನು ಎಬ್ಬಿಸಿ ಮತ್ತೆ ಓಡಿಸಬೇಕು. ಇದಕ್ಕೆಂದೇ ಮೂರು ತಿಂಗಳು ಶನಿವಾರ ಬೆಳಿಗ್ಗೆ, ಶನಿವಾರ ರಾತ್ರಿ, ಭಾನುವಾರ ನಸುಕಿನಲ್ಲಿ ಐದೈದು ಕಿಲೋಮೀಟರ್ ಓಡಿದ್ದೆವು. ಮನೆಯಲ್ಲಿ ಹೆಂಡತಿ, "ಮೂರು ಸಲ ಓಡುವುದನ್ನು ಒಂದೇ ಸಲ ಓಡಿ ಮುಗಿಸಬಾರದೇನು?" ಎಂದು ಕೇಳುತ್ತಿದ್ದಳು.

10.29ಕ್ಕೆ ಸೇತುವೆಯ ಮೇಲೆ ಹಣೆದೀಪ ಕಾಣಿಸಿತು. ಪೈಲ್ವಾನರು ಬಂದವರೇ ಹಲ್ಲಿನಿಂದ ಗಂಟು ಬಿಚ್ಚಿ ಖಣವನ್ನು ಹುಡುಗನ ಕೈಗೆ ತುರುಕಿ, ರಸ್ತೆ ಬದಿಯಲ್ಲಿ ಕುಳಿತುಬಿಟ್ಟರು. ನಡುಸೇತುವೆಯಲ್ಲಿ ಆ ಟ್ರ್ಯಾಕ್ಟರುಗಳು ಎದುರಾದಾಗ ಹಿಂದಿನಿಂದ ಒಂದು ಲಾರಿ ಅವನ್ನು ದಾಟಲು ನುಗ್ಗಿತಂತೆ. ಇವರು ಕಟಾಂಜನಕ್ಕೆ ಬೆನ್ನು ಹಚ್ಚಿ ನಿಂತವರು, ಎಲ್ಲ ಸಾಗಿಹೋದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದರಂತೆ. "ಕುಸ್ತಿಯಲ್ಲಾದರೆ ಎದುರಿಗೆ ಒಬ್ಬ ಇರುತ್ತಾನೆ ಮಾಸ್ತರರೇ, ಇಲ್ಲಿ ಇಡೀ ಕಬ್ಬಿನ ಹೊಲವೇ ಎದ್ದು ಬಂತು" ಎಂದರು. ನಗಲಿಲ್ಲ. ಅವರ ಕೈ ಇನ್ನೂ ನಡುಗುತ್ತಿತ್ತು.

ಇಷ್ಟೆಲ್ಲ ಹಾಳೆ, ಲೆಕ್ಕ ಎಂದು ಮೆರೆದ ನಾನೇ ಮುಂದಿನ ಎಡವಟ್ಟು ಮಾಡಿದೆ. ಹುಡುಗನ ಪಾಳಿ ಮುಗಿದು ಅಕ್ಕ ಓಟಕ್ಕೆ ಇಳಿದಿದ್ದರು, ಅವರ ನಂತರ ನಾನು. ಐದೇ ನಿಮಿಷವೆಂದು ಕೌದಿ ಹೊದ್ದು ಒರಗಿದೆ. "ಎಲ್ಲಿ ನಿಲ್ಲಿಸಬೇಕು, ಸರ್?" ಎಂದು ಚಾಲಕ ಕೇಳಿದ. ಕೌದಿಯೊಳಗಿನಿಂದಲೇ, "ಬೀಳಗಿ" ಎಂದೆ. ಹಾಳೆಯಲ್ಲಿಯೂ ಬೀಳಗಿ ಎಂದೇ ಬರೆದಿದ್ದೆ. ಕ್ರಾಸ್ ಹೆದ್ದಾರಿಯಲ್ಲಿದೆ, ಊರು ಒಳಗಿದೆ. ಎಚ್ಚರವಾದಾಗ ಕ್ರೂಸರ್ ಬೀಳಗಿ ಊರಿನ ಬಸ್ ನಿಲ್ದಾಣದ ಎದುರು ನಿಂತಿತ್ತು. ಒಂದು ನಾಯಿ ಮಾತ್ರ ನಮ್ಮನ್ನು ನೋಡುತ್ತಿತ್ತು.

ಅಕ್ಕ ಕ್ರಾಸಿಗೆ ಬಂದಾಗ ಅಲ್ಲಿ ಯಾರೂ ಇರಲಿಲ್ಲ. ಮೋಟಾರ್ ಸೈಕಲ್ ಸವಾರ ಫೋನ್ ಮಾಡಿದ. ನನ್ನ ಫೋನ್ ಚೀಲದಲ್ಲಿ, ಚೀಲ ಮಿಸ್ತ್ರಿಯ ಕಾಲಿನ ಕೆಳಗೆ. ನಮ್ಮನ್ನು ಹುಡುಕಲು ಆ ಸವಾರನನ್ನು ಕಳಿಸಿದರೆ ಅಕ್ಕ ಕತ್ತಲಲ್ಲಿ ಒಬ್ಬರೇ ನಿಲ್ಲಬೇಕು. ಅವರು ನಿಲ್ಲಲಿಲ್ಲ, ಓಟ ಮುಂದುವರಿಸಿದರು. ಜಪಾನಿನ ಹಕೋನೆ ಎಕಿಡೆನ್‌ನಲ್ಲಿ ಹಿಂದಿನವನು ಬಹಳ ತಡಮಾಡಿದರೆ ಮುಂದಿನವನನ್ನು ಬೇರೆ ಪಟ್ಟಿ ಕೊಟ್ಟು ಓಡಿಸಿಬಿಡುತ್ತಾರೆ. ತಂದ ಪಟ್ಟಿ ಕೈಯಲ್ಲೇ ಉಳಿದು ಓಟಗಾರರು ಅಳುವುದನ್ನು ನೋಡಿದ್ದೆ. ನಮ್ಮದು ತಿರುವುಮುರುವು: ಪಟ್ಟಿ ಹೊತ್ತಿಗೆ ಬಂದಿತ್ತು, ಹಿಡಿಯುವ ಕೈ ಬೀಳಗಿಯಲ್ಲಿ ನಿದ್ದೆ ಮಾಡುತ್ತಿತ್ತು.

ಕ್ರಾಸಿನಿಂದ ಮೂರು ಕಿಲೋಮೀಟರ್ ಮುಂದೆ ಅವರನ್ನು ಹಿಡಿದೆವು. ಅಕ್ಕ ಒಂದು ಮಾತೂ ಆಡಲಿಲ್ಲ. ಗಂಟು ಬಿಚ್ಚಿ, ನನ್ನ ಕೈ ಎಳೆದುಕೊಂಡು, ತಾವೇ ಕಟ್ಟಿದರು. ಗಂಟು ಬಿಗಿಯಾಗಿಯೇ ಇತ್ತು. ಅನಗವಾಡಿಯಲ್ಲಿ ಘಟಪ್ರಭೆಯ ಸೇತುವೆ ಬರುವವರೆಗೆ ನನಗೆ ಉಳಿದಿದ್ದದ್ದು ಎರಡೇ ಕಿಲೋಮೀಟರ್. ಅಷ್ಟು ವೇಗವಾಗಿ ನಾನು ಅದಕ್ಕೆ ಮೊದಲೂ ಓಡಿಲ್ಲ, ಆಮೇಲೂ ಓಡಿಲ್ಲ.

ಮೂರನೆಯ ಪಾಳಿ ಕೆರೂರಿನ ಈಚೆಗೆ, ಬೆಳಗಿನ ನಾಲ್ಕೂವರೆಗೆ. ಮೊದಲ ಒಂದು ಕಿಲೋಮೀಟರ್ ಕಾಲುಗಳು ನನ್ನವೇ ಅಲ್ಲ, ಯಾರದೋ ಕಾಲುಗಳನ್ನು ಬಾಡಿಗೆಗೆ ತಂದ ಹಾಗಿತ್ತು. ಕೆರೂರು ದಾಟಿ ಬಾದಾಮಿಯ ದಾರಿ ಹಿಡಿದ ಮೇಲೆ ಬನಶಂಕರಿ ಜಾತ್ರೆಗೆ ನಡೆದು ಹೊರಟವರು ಗುಂಪು ಗುಂಪಾಗಿ ಸಿಕ್ಕರು. ಅವರು ನಿದ್ದೆಗೆಟ್ಟವರು, ನಾವೂ ನಿದ್ದೆಗೆಟ್ಟವರು. ಕೊನೆಯ ಪಾಳಿ ಪೈಲ್ವಾನರದು. ಒಬ್ಬ ಅಜ್ಜಿ ಅವರನ್ನು ತಡೆದು, "ಯಾವ ಹರಕೆಯಪ್ಪಾ, ಹೀಗೆ ಓಡುತ್ತಿದ್ದೀ?" ಎಂದು ಕೇಳಿದರಂತೆ. ಇವರು, "ನನ್ನದಲ್ಲವಾಯಿ, ನಮ್ಮ ಮಾಸ್ತರರದು" ಎಂದರಂತೆ.

8.13ಕ್ಕೆ ಬಾದಾಮಿ ಮುಟ್ಟಿದೆವು, ಹಾಳೆಗಿಂತ 36 ನಿಮಿಷ ತಡ. ಕೆಂಪು ಬಂಡೆಗಳ ಮೇಲೆ ಬಿಸಿಲು ಬಿದ್ದಿತ್ತು. ಫೋಟೊ ತೆಗೆಯುವವರು ಬೇಕಲ್ಲ, ಚಾಲಕನನ್ನು ಎಬ್ಬಿಸಿದೆವು; ಎಲ್ಲರ ತಲೆ ಅರ್ಧರ್ಧ ಬಂದಿದೆ. ಆಮೇಲೆ ಬನಶಂಕರಿಗೆ ಹೋಗಿ, ಬುಟ್ಟಿಯಲ್ಲಿ ರೊಟ್ಟಿ ತಂದು ಮಾರುವ ಹೆಂಗಸರ ಮುಂದೆ ಸಾಲಾಗಿ ಕುಳಿತು, ಕೆಂಪು ಚಟ್ನಿ, ಝುಣಕ, ಮೊಸರು ಹಾಕಿಸಿಕೊಂಡು ತಿಂದೆವು. ಮೊಸರಿನ ನಿಷೇಧವನ್ನು ಸಿಸ್ಟರ್ ಅಲ್ಲಿಯೇ ತೆರವುಗೊಳಿಸಿದರು. ಅಕ್ಕ ನನ್ನ ಜೊತೆ ಮಾತನಾಡಿದ್ದು ಎರಡನೆಯ ರೊಟ್ಟಿಗೆ: "ಇನ್ನೊಂದು ಸಲ ಹಾಳೆ ಬರೆದಾಗ ನನಗೊಮ್ಮೆ ತೋರಿಸಿ."

ಈ ವರ್ಷದ ಹಾಳೆಯನ್ನು ಅವರೇ ತಿದ್ದಿದ್ದಾರೆ. 'ಕ್ರಾಸ್' ಎಂಬ ಪದದ ಕೆಳಗೆ ಎಲ್ಲ ಕಡೆ ಕೆಂಪು ಗೆರೆ ಬಿದ್ದಿದೆ. ಇಪ್ಪತ್ತನಾಲ್ಕು ಪಾಳಿಗಳಲ್ಲಿ ಇಪ್ಪತ್ತಮೂರಕ್ಕೆ ಹೆಸರು ತುಂಬಿಯಾಯಿತು. ಕೊಲ್ಹಾರದ ಸೇತುವೆಯನ್ನು ಹುಡುಗನಿಗೆ ಕೊಡೋಣವೆಂದು ಉಳಿದವರೆಲ್ಲ ಹೇಳುತ್ತಾರೆ, ಲೆಕ್ಕವೂ ಅದನ್ನೇ ಹೇಳುತ್ತದೆ. ಪೈಲ್ವಾನರು ಮಾತ್ರ ದಿನಕ್ಕೆ ಎರಡು ಸಲ ಫೋನ್ ಮಾಡಿ, ಬೇರೆ ಏನೇನೋ ವಿಚಾರಿಸಿ, ಇಡುವ ಮುಂಚೆ ಕೇಳುತ್ತಾರೆ: "ಅದು ಖಾಲಿ ಇದೆಯಲ್ಲ, ಮಾಸ್ತರರೇ?"