ಕಂಡಿಕಿ ತಪ್ಪಿದ ಕಾರ್ಟೂನು

ಗುಳೇದಗುಡ್ಡದ ನಮ್ಮ ಮನೆಯಲ್ಲಿ ಖಣದ ಮಗ್ಗ ಇದೆ. ಅದರ ಸದ್ದಿನ ಪಕ್ಕದಲ್ಲೇ ಕೂತು ನಾನು ‘ದಿ ಸಿಂಪ್ಸನ್ಸ್’ ಅನ್ನುವ ಅಮೆರಿಕದ ಟಿವಿ ಕಾರ್ಟೂನು ನೋಡುತ್ತೇನೆ. ಲ್ಯಾಪ್‌ಟಾಪ್ ಪಕ್ಕ ಇನ್ನೂರು ಪುಟದ ನೋಟ್‌ಬುಕ್ ಇರುತ್ತದೆ. ಎಡಗಡೆ ಪುಟದಲ್ಲಿ ಬೇರೆ ಸಿನಿಮಾ, ಹಾಡು, ದೊಡ್ಡ ಮಂದಿಯನ್ನು ಎಳೆದು ತಂದ ಜೋಕುಗಳು. ಬಲಗಡೆ ಚಿತ್ರದಲ್ಲಿ ಕಂಡ ತಪ್ಪುಗಳು. ಶುರು ಮಾಡಿದ ತಿಂಗಳಲ್ಲಿ ಬಲಗಡೆ 31 ತಪ್ಪು ಬರೆದಿದ್ದೆ. ಈಗ ಅದರಲ್ಲಿ 9 ಉಳಿದಿವೆ. ಹೊಡೆದು ಹಾಕಿದ 22 ತಪ್ಪು ಕಾರ್ಟೂನಿನವಲ್ಲ, ನನ್ನವು.

ಮೊದಲ ನಿಜವಾದ ತಪ್ಪು ಹಿಡಿದದ್ದು ಅವ್ವ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಒಂದು ದಿನ ನಾನು ಮೊದಲ ಸೀಸನ್ನಿನ ಮೂರನೇ ಎಪಿಸೋಡ್ ನೋಡುತ್ತಿದ್ದೆ, 1990ರ ಜನವರಿಯದು. ಅವಳು ಚಹಾ ಕೊಟ್ಟು ಒಂದೆರಡು ನಿಮಿಷ ನಿಂತು ನೋಡಿ ಹೋದಳು. ನಾಲ್ಕು ದಿನ ಬಿಟ್ಟು ಬೇರೆ ಎಪಿಸೋಡ್ ಹಾಕಿದಾಗ ಮತ್ತೆ ಬಂದು ನಿಂತಳು.

“ಏ ತಮ್ಮಾ, ಈಂವ ಮೊನ್ನಿ ಕಪ್ಪ ಇದ್ನಲ್ಲೋ. ಇವತ್ತ ಹಳದಿ ಹೆಂಗಾದ?”

ಸ್ಮಿಥರ್ಸ್ ಬಗ್ಗೆ ಕೇಳಿದ್ದು. ವಿದ್ಯುತ್ ಸ್ಥಾವರದ ಮಾಲೀಕ ಬರ್ನ್ಸ್‌ನ ಹಿಂದೆಯೇ ಓಡಾಡುವ ಸಹಾಯಕ. ಹಿಂದಕ್ಕೆ ಹೋಗಿ ನೋಡಿದೆ. ಹೌದು, ಆ ಮೂರನೇ ಎಪಿಸೋಡಿನಲ್ಲಿ ಅವನ ಮೈಬಣ್ಣ ಕಪ್ಪು, ಕೂದಲು ನೀಲಿ. ಆಮೇಲೆ ಎಲ್ಲ ಕಡೆ ಹಳದಿ. ನಾನು ಮಾತು ಕೇಳುವುದರಲ್ಲೇ ಮುಳುಗಿ ಇಡೀ ಮನುಷ್ಯನ ಬಣ್ಣವನ್ನೇ ಬಿಟ್ಟಿದ್ದೆ! ಆಗ ಪಾರದರ್ಶಕ ಹಾಳೆಗಳ ಮೇಲೆ ಕೈಯಿಂದಲೇ ಬಣ್ಣ ಹಚ್ಚುತ್ತಿದ್ದರು, ಕಂಪ್ಯೂಟರ್ ಬಣ್ಣ ಕಾಯಂ ಆದದ್ದು 2002ರಲ್ಲಿ ಅಂತ ಅವ್ವನಿಗೆ ಹೇಳಿದೆ. ಅವಳು “ಹಂಗಾರ ಯಾರೋ ಕಂಡಿಕಿ ತಪ್ಪಿ ಹಾಕ್ಯಾರ” ಅಂದು ಮಗ್ಗಕ್ಕೆ ಹೋದಳು. ಲಾಳಿಯೊಳಗೆ ಬೇರೆ ಬಣ್ಣದ ಕಂಡಿಕಿ, ಅಂದರೆ ನೂಲು ಸುತ್ತಿದ ಕಡ್ಡಿ, ಕೂತರೆ ಖಣದಲ್ಲಿ ಏನಾಗುತ್ತದೋ, ಅಲ್ಲಿ ಆದದ್ದೂ ಅದೇ.

ಅವತ್ತಿನಿಂದ ನನ್ನ ಮೊದಲ ಸುತ್ತು ಸೌಂಡ್ ಬಂದ್ ಮಾಡಿಯೇ. ಮಾತಿಲ್ಲದಿದ್ದರೆ ಕಣ್ಣು ತಾನಾಗಿಯೇ ಕೈ, ಅಂಗಿ, ಹಿಂದಿನ ಗೋಡೆ ಕಡೆ ಹೋಗುತ್ತದೆ. ತುಟಿ ಮಾತಿಗೆ ಕೂಡಿದೆಯೋ ಇಲ್ಲವೋ ಅನ್ನುವುದಕ್ಕೆ ಮಾತ್ರ ಸೌಂಡ್ ಬೇಕು, ಅದು ಎರಡನೇ ಸುತ್ತಿಗೆ. ಹೊಸಬರು ಮೊದಲ ಸೀಸನ್ನಿನಿಂದಲೇ ಶುರು ಮಾಡಿ. ಅಲ್ಲಿ ಬೆಳೆ ಜಾಸ್ತಿ. ಕಥೆಯ ನಾಯಕ ಹೋಮರ್‌ನ ಗೆಳೆಯ ಬಾರ್ನಿಯ ಕೂದಲು ಅವನ ಮೈಯಷ್ಟೇ ಹಳದಿ ಇದೆ, ಕಂದು ಬಣ್ಣ ಆಮೇಲೆ ಬಂತು. ಮೊದಲು ಪ್ರಸಾರ ಆಗಬೇಕಿದ್ದ ಎಪಿಸೋಡಿನ ಚಿತ್ರಗಳು ಎಷ್ಟು ಕೆಟ್ಟಿದ್ದವು ಅಂದರೆ, ಬಹುಪಾಲು ಮತ್ತೆ ಮಾಡಿಸಬೇಕಾಯಿತು. 1989ರ ಡಿಸೆಂಬರ್ 17ಕ್ಕೆ ಕ್ರಿಸ್‌ಮಸ್ ಕಥೆಯಿಂದ ಶುರು ಮಾಡಿದರು. ಮೊದಲನೆಯದಾಗಬೇಕಿದ್ದದ್ದು 1990ರ ಮೇ ತಿಂಗಳಲ್ಲಿ, ಸೀಸನ್ನಿನ ಕೊನೆಗೆ ಬಂತು.

ಇನ್ನು ನಾನು ಹೊಡೆದು ಹಾಕಿದ 22ರ ಕಥೆ. ವಿಎಲ್‌ಸಿ ಪ್ಲೇಯರಿನಲ್ಲಿ ಇಂಗ್ಲಿಷಿನ ‘E’ ಕೀ ಒತ್ತಿದರೆ ವಿಡಿಯೋ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಇದು ಗೊತ್ತಾದ ದಿನ ನನಗೆ ಹುಚ್ಚೇ ಹಿಡಿಯಿತು. ಹೋಮರ್‌ನ ಕೈ ಒಂದು ಫ್ರೇಮಿನಲ್ಲಿ ಎರಡಾಗಿ ಕಾಣುತ್ತದೆ, ಬರೆದೆ. ಅವನ ಹೆಂಡತಿ ಮಾರ್ಜ್ ಮುಖಕ್ಕೆ ಅಡ್ಡಗೆರೆ ಬಂದಿದೆ, ಬರೆದೆ. ಒಂದೇ ರಾತ್ರಿಯಲ್ಲಿ ಎಂಟು! ಆಮೇಲೆ ತಿಳಿಯಿತು. ಅನಿಮೇಷನ್ನಿನಲ್ಲಿ ಸೆಕೆಂಡಿಗೆ 24 ಫ್ರೇಮ್. ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮ್ ಇಡುತ್ತಾರೆ, ಅಂದರೆ ಸೆಕೆಂಡಿಗೆ 12 ಚಿತ್ರ. ಅಮೆರಿಕದ ಹಳೆ ಟಿವಿಗೆ ಮಾತ್ರ ಹೆಚ್ಚುಕಡಿಮೆ 30 ಫ್ರೇಮ್ ಬೇಕು. ಆ ಲೆಕ್ಕ ಹೊಂದಿಸಲು ಅಕ್ಕಪಕ್ಕದ ಎರಡು ಫ್ರೇಮುಗಳನ್ನು ಬೆರೆಸುತ್ತಾರೆ. ನಾನು ಹಿಡಿದದ್ದು ಆ ಬೆರಕೆಯನ್ನು. ಚಿತ್ರ ಬರೆದವರ ತಪ್ಪು ಅದರಲ್ಲಿ ಏನೂ ಇಲ್ಲ. ಈಗ ಅನುಮಾನ ಬಂದರೆ ಮುಂದಿನ ಮೂರ್ನಾಲ್ಕು ಫ್ರೇಮ್ ನೋಡುತ್ತೇನೆ. ಅಲ್ಲೂ ಇದ್ದರೆ ಮಾತ್ರ ಪೆನ್ನು.

ಪರದೆಯ ಅಳತೆಯೂ ಮೋಸ ಮಾಡುತ್ತದೆ. ಹಳೆ ಎಪಿಸೋಡುಗಳು ಹಳೆ ಟಿವಿಯ 4:3 ಅಳತೆಯವು. 2019ರಲ್ಲಿ ಅವು ಸ್ಟ್ರೀಮಿಂಗಿಗೆ ಬಂದಾಗ ಅಗಲ ಟಿವಿಗೆ ಹೊಂದಲಿ ಅಂತ ಮೇಲೆ ಕೆಳಗೆ ಕತ್ತರಿಸಿದ್ದರು. 1993ರ ‘ಡಫ್‌ಲೆಸ್’ ಎಪಿಸೋಡಿನಲ್ಲಿ ಬಿಯರ್ ಕಾರ್ಖಾನೆ ಇದೆ. ಮೂರು ಟ್ಯಾಂಕು, ಮೂರಕ್ಕೂ ಬೇರೆ ಬೇರೆ ಹೆಸರು. ಮೇಲಿನಿಂದ ಬರುವ ಪೈಪು ಮಾತ್ರ ಒಂದೇ. ಜೋಕೇ ಆ ಪೈಪು, ಅದೇ ಕತ್ತರಿಗೆ ಹೋಗಿತ್ತು! 2020ರಲ್ಲಿ ಹಳೆ ಅಳತೆಯನ್ನು ಮತ್ತೆ ಕೊಟ್ಟರು. ಕತ್ತರಿಸಿದ್ದನ್ನು ನೋಡಿ ನಾನು ‘ಇಲ್ಲಿ ಏನೂ ಇಲ್ಲ, ದೃಶ್ಯ ಯಾಕೆ ಬೇಕಿತ್ತು?’ ಅಂತ ಬರೆದಿದ್ದೆ. ಆ ಸಾಲನ್ನು ಹೊಡೆದಿಲ್ಲ, ನಾಚಿಕೆಗೆ ಇರಲಿ ಅಂತ ಬಿಟ್ಟಿದ್ದೇನೆ.

ಎಡಗಡೆ ಪುಟದ ಕೆಲಸ ಬೇರೆ ತರಹದ್ದು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿದವರಿಗೆ ಬೇಗ ತಿಳಿಯುತ್ತದೆ. ಹಾಸ್ಯದವನು ಯಾವುದೋ ಸಿನಿಮಾದ ಡೈಲಾಗ್ ತಿರುಚಿ ಬಿಡುತ್ತಾನೆ. ಸಿನಿಮಾ ನೋಡಿದವರು ಹೊಟ್ಟೆ ಹಿಡಿದು ನಗುತ್ತಾರೆ. ನೋಡದವರು ಅವನ ಮುಖ ನೋಡಿ ನಗುತ್ತಾರೆ. ನಾನು 1993ರ ‘ರೋಸ್‌ಬಡ್’ ಎಪಿಸೋಡನ್ನು ಎರಡನೇ ಗುಂಪಿನವನಾಗಿ ನೋಡಿದ್ದೆ. ಮುದುಕ ಬರ್ನ್ಸ್ ಚಿಕ್ಕಂದಿನಲ್ಲಿ ಬಿಟ್ಟ ಕರಡಿ ಗೊಂಬೆಗಾಗಿ ಹಂಬಲಿಸುತ್ತಾನೆ, ಚೆನ್ನಾಗಿದೆ ಅನ್ನಿಸಿತ್ತು, ಅಷ್ಟೇ. ಒಂದು ವರ್ಷದ ನಂತರ 1941ರ ‘ಸಿಟಿಜನ್ ಕೇನ್’ ನೋಡಿದೆ. ಸಾಯುವ ಶ್ರೀಮಂತ ‘ರೋಸ್‌ಬಡ್’ ಅನ್ನುತ್ತಾನೆ, ಅದು ಅವನು ಚಿಕ್ಕಂದಿನಲ್ಲಿ ಹಿಮದಲ್ಲಿ ಆಡುತ್ತಿದ್ದ ಜಾರುಬಂಡಿಯ ಹೆಸರು. ತಕ್ಷಣ ಎಪಿಸೋಡ್ ಮತ್ತೆ ಹಾಕಿದೆ. ಅದೇ ಹಿಮ, ಅದೇ ಗಾಜಿನ ಗುಂಡು, ‘ರೋಸ್‌ಬಡ್’ ಜಾಗದಲ್ಲಿ ‘ಬೋಬೋ’! ಕಥೆಗೆ ಬೇಕಾದದ್ದಕ್ಕಿಂತ ಜಾಸ್ತಿ ಹೊತ್ತು ಕ್ಯಾಮೆರಾ ಒಂದು ವಸ್ತುವಿನ ಮೇಲೆ ನಿಂತರೆ ಈಗ ನನಗೆ ವಾಸನೆ ಬರುತ್ತದೆ.

ಆದರೆ ಇಸವಿ ನೋಡದೆ ಬರೆಯಬಾರದು. ಒಂದು ದೃಶ್ಯ ಇಂಥ ಸಿನಿಮಾದ್ದೇ ಅಂತ ಗೆಳೆಯನ ಜೊತೆ ಅರ್ಧ ತಾಸು ವಾದ ಮಾಡಿದ್ದೆ. ಆ ಸಿನಿಮಾ ಬಂದದ್ದು ಎಪಿಸೋಡ್ ಪ್ರಸಾರವಾಗಿ ಆರು ವರ್ಷಕ್ಕೆ. ಅವನು ಈಗಲೂ ಚಹಾದ ಅಂಗಡಿಯಲ್ಲಿ ನನ್ನನ್ನು ‘ಜ್ಯೋತಿಷಿ’ ಅಂತಲೇ ಕರೆಯುತ್ತಾನೆ.

ನನ್ನಂಥವರ ಮೇಲೂ ಅವರು ಜೋಕು ಮಾಡಿದ್ದಾರೆ. 1997ರಲ್ಲಿ ಪೂಚಿ ಅನ್ನುವ ನಾಯಿ ಬರುವ ಎಪಿಸೋಡಿನಲ್ಲಿ ಒಬ್ಬ ಅಭಿಮಾನಿ ಎದ್ದು, ಕಥೆಯೊಳಗಿನ ಇಲಿ-ಬೆಕ್ಕಿನ ಕಾರ್ಟೂನಿನ ಬಗ್ಗೆ ಕೇಳುತ್ತಾನೆ: ಇಲಿ ಬೆಕ್ಕಿನ ಪಕ್ಕೆಲುಬನ್ನು ವಾದ್ಯದ ಹಾಗೆ ಬಾರಿಸುವಾಗ ಒಂದೇ ಎಲುಬಿಗೆ ಎರಡು ಸಲ ಹೊಡೆದರೂ ಸ್ವರ ಬೇರೆ ಬೇರೆ ಬಂತಲ್ಲ, ಹೇಗೆ? ಹೋಮರ್ ಅವನ ಅಂಗಿ ಮೇಲೆ ಬರೆದದ್ದನ್ನೇ ಹಿಡಿದು ಮಾನ ಕಳೆಯುತ್ತಾನೆ. ಅದನ್ನು ಅವ್ವನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ.

“ಖರೇನ ಒಂದ ಎಲಬಿಗೆ ಎರಡ ಸಲ ಹೊಡದೈತೇನು? ತೋರ್ಸು ನೋಡೂನು” ಅಂದಳು.

ಮಗ್ಗ ನಿಲ್ಲಿಸಿ ಬಂದು ಕೂತಳು. ಆ ಇಲಿಯನ್ನು ಹುಡುಕುತ್ತಾ ಕೂತೆವು.