ಲ್ಯಾಪ್‌ಟಾಪ್‌ಗೆ ರ‍್ಯಾಮ್ ನೀವೇ ಹಾಕಿ, ವಾರಂಟಿಯನ್ನೂ ಉಳಿಸಿಕೊಳ್ಳಿ

ರ‍್ಯಾಮ್ (ಕೆಲಸ ಮಾಡುವಾಗ ಲ್ಯಾಪ್‌ಟಾಪ್ ಬಳಸುವ ಮೆಮೊರಿ) ಹಾಕಿಕೊಂಡ ಮಾತ್ರಕ್ಕೆ ವಾರಂಟಿ ಕಳೆದುಕೊಂಡವರು ಕಡಿಮೆ. ಹಾಕುವ ಭರದಲ್ಲಿ ಲಾಕ್ ಮುರಿದು, ಕೇಬಲ್ ಕಿತ್ತು, ಸೀಲ್ ಹರಿದು ಕಳೆದುಕೊಂಡವರೇ ಜಾಸ್ತಿ.

ಮೊದಲು ಕಂಪನಿಯ ಜಾಲತಾಣದಿಂದ ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಇಳಿಸಿಕೊಳ್ಳಿ. ಗ್ರಾಹಕರೇ ಬದಲಿಸಬಹುದಾದ ಭಾಗಗಳಲ್ಲಿ ರ‍್ಯಾಮ್ ಹೆಸರಿದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಇಮೇಲ್ ಬರೆದು ಕೇಳಿ, ಉತ್ತರವನ್ನು ಜೋಪಾನವಾಗಿಡಿ. ಫೋನಿನಲ್ಲಿ ‘ಪರವಾಗಿಲ್ಲ, ಬಿಚ್ಚಿ’ ಅಂದ ಮಾತು ಆಮೇಲೆ ಲೆಕ್ಕಕ್ಕೆ ಬರುವುದಿಲ್ಲ. ಸ್ಕ್ರೂ ಮೇಲೆ ಸೀಲ್ ಸ್ಟಿಕರ್ ಇದ್ದರಂತೂ ಬರಹದಲ್ಲಿ ಒಪ್ಪಿಗೆ ಸಿಗುವ ತನಕ ಮುಟ್ಟಬೇಡಿ. ಬಿಸಿಗಾಳಿ ಹಾಯಿಸಿ ಸ್ಟಿಕರ್ ಎಬ್ಬಿಸುವ ಉಪಾಯ ಬೇಡವೇ ಬೇಡ. ಎಬ್ಬಿಸಿದ ಗುರುತು ಉಳಿಯಲಿ ಅಂತಲೇ ಅದನ್ನು ಅಂಟಿಸಿರುತ್ತಾರೆ.

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ ನೋಡಿ. ಎಷ್ಟು ಸ್ಲಾಟ್ (ರ‍್ಯಾಮ್ ಕೂರುವ ಗೂಡು) ಬಳಕೆಯಲ್ಲಿವೆ ಎಂದು ಅಲ್ಲೇ ತಿಳಿಯುತ್ತದೆ. ಅಲ್ಲಿ ಫಾರ್ಮ್ ಫ್ಯಾಕ್ಟರ್ ಎದುರು ‘ರೋ ಆಫ್ ಚಿಪ್ಸ್’ ಅಂತಿದ್ದರೆ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದೆ, ಅದನ್ನು ಬಿಚ್ಚಿ ಬದಲಿಸಲಾಗದು. ಖಾಲಿ ಸ್ಲಾಟ್ ಇದೆಯೇ ಎಂದು ಮ್ಯಾನುಯಲ್‌ನಲ್ಲಿ ನೋಡದೆ ಕೊಳ್ಳಬೇಡಿ. ಡಿಡಿಆರ್4, ಡಿಡಿಆರ್5 ಎಂಬುವು ರ‍್ಯಾಮ್‌ನ ಬೇರೆ ಬೇರೆ ತಲೆಮಾರುಗಳು, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಎರಡು ಸ್ಲಾಟ್ ಇದ್ದರೆ ಒಂದೇ ಸಾಮರ್ಥ್ಯದ ಜೋಡಿ ಕೊಳ್ಳಿ. ಹೆಸರಿಲ್ಲದ ಅಗ್ಗದ ಮಾಲು ಬೇಡ. ದಪ್ಪ ಲೋಹದ ಹೊದಿಕೆ ಅಂಟಿಸಿದ್ದೂ ಬೇಡ, ತೆಳು ಲ್ಯಾಪ್‌ಟಾಪ್‌ನಲ್ಲಿ ತಳದ ಮುಚ್ಚಳ ಮುಚ್ಚಲು ಬಿಡುವುದಿಲ್ಲ.

ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ತಳದ ಮುಚ್ಚಳ ಬಿಚ್ಚಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ, ಯಾವುದು ಎಲ್ಲಿಯದು ಎಂದು ಕಾಗದದ ಮೇಲೆ ಗುರುತಿಸಿಡಿ. ಬ್ಯಾಟರಿ ಕನೆಕ್ಟರನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ, ವೈರ್ ಹಿಡಿದು ಎಳೆಯಬೇಡಿ. ಲೋಹದ ವಸ್ತುವೊಂದನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಳ್ಳಿ.

ಬಹಳ ಜನ ಎಡವುವುದು ಮುಂದಿನ ಹಂತದಲ್ಲಿ. ಹಳೆಯ ರ‍್ಯಾಮ್‌ನ ಎರಡೂ ಬದಿಯ ಲಾಕ್‌ಗಳನ್ನು ಒಟ್ಟಿಗೆ ಹೊರಕ್ಕೆ ಸರಿಸಿ. ರ‍್ಯಾಮ್ ತಾನಾಗಿಯೇ ಮೇಲೇಳುತ್ತದೆ, ಅದೇ ಓರೆಯಲ್ಲಿ ಹೊರಗೆಳೆಯಿರಿ. ಹೊಸದನ್ನು ಅಂಚಿನಲ್ಲೇ ಹಿಡಿದುಕೊಳ್ಳಿ. ಕೆಳಗಿನ ಕಚ್ಚು ಸ್ಲಾಟ್‌ನ ಉಬ್ಬಿಗೆ ಸರಿಯಾಗಿ ಎದುರಾಗಬೇಕು. ಸುಮಾರು 30 ಡಿಗ್ರಿ ಓರೆಯಲ್ಲಿ, ಎರಡೂ ಹೆಬ್ಬೆರಳಿನಿಂದ ಸಮವಾಗಿ ಒಳಕ್ಕೆ ತಳ್ಳಿ. ಚಿನ್ನದ ಬಣ್ಣದ ಗೆರೆಗಳು ಹೆಚ್ಚುಕಡಿಮೆ ಮರೆಯಾಗಬೇಕು. ಒಂದು ಬದಿಯಲ್ಲಿ ಜಾಸ್ತಿ ಕಾಣುತ್ತಿದ್ದರೆ ಓರೆ ಕೂತಿದೆ ಅಂತ ಅರ್ಥ, ತೆಗೆದು ಮತ್ತೆ ಹಾಕಿ. ಪೂರ್ತಿ ಒಳಗೆ ಹೋದ ಮೇಲೆಯೇ ಕೆಳಕ್ಕೆ ಒತ್ತಿ, ಲಾಕ್‌ಗಳು ಟಕ್ ಅಂತ ತಾವೇ ಕೂರುತ್ತವೆ. ಕೂರದಿದ್ದರೆ ಬಲ ಹಾಕಬೇಡಿ. ಅರ್ಧ ಕೂತ ರ‍್ಯಾಮನ್ನು ಒತ್ತಿದಾಗಲೇ ಲಾಕ್ ಮುರಿಯುವುದು, ಆ ಮುರಿತ ವಾರಂಟಿಗೆ ಬರುವುದಿಲ್ಲ.

ಬ್ಯಾಟರಿ ಜೋಡಿಸಿ, ಮುಚ್ಚಿ, ಆನ್ ಮಾಡಿ. ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು, ಡಿಡಿಆರ್5ನಲ್ಲಂತೂ ಇದು ಮಾಮೂಲು. ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ. ಆಮೇಲೆ ರ‍್ಯಾಮ್ ಪರೀಕ್ಷಿಸುವ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಒಮ್ಮೆ ಓಡಿಸಿ.

ಹಳೆಯ ರ‍್ಯಾಮ್ ಮಾರಬೇಡಿ. ಹೊಸದು ಬಂದ ಕವರಿನಲ್ಲೇ ಹಾಕಿಟ್ಟುಕೊಳ್ಳಿ. ಮುಂದೆ ಲ್ಯಾಪ್‌ಟಾಪ್ ಕೈಕೊಟ್ಟರೆ ಹಳೆಯದನ್ನು ಹಾಕಿ ನೋಡಿ. ಆಗಲೂ ತೊಂದರೆ ಹಾಗೇ ಇದ್ದರೆ ಅದು ನೀವು ಹಾಕಿದ ರ‍್ಯಾಮ್‌ನದಲ್ಲ. ಸರ್ವಿಸ್ ಸೆಂಟರ್‌ನಲ್ಲಿ ಇದನ್ನೇ ಹೇಳಿ, ಆ ಇಮೇಲ್ ತೋರಿಸಿ.